ಸಾಯಲೊಲ್ಲದ ಜೀವಕೋಶಗಳು

ಆರನೆಯ ವಾರದ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಈ ತುದಿಯಿಂದ ಆ ತುದಿಯವರೆಗೆ ನೇರಳೆ ಬಣ್ಣ. ಔಷಧ ಹಾಕಿದ ಕುಳಿಗಳೂ ನೇರಳೆ, ಹಾಕದ ಕುಳಿಗಳೂ ನೇರಳೆ. ಅಂಗೈಯಗಲದ ಆ ಪ್ಲಾಸ್ಟಿಕ್ ತಟ್ಟೆಯಲ್ಲಿ ತೊಂಬತ್ತಾರು ಸಣ್ಣ ಕುಳಿಗಳಿರುತ್ತವೆ. ಒಂದೊಂದರಲ್ಲೂ ಕೆಲವು ಸಾವಿರ ಕ್ಯಾನ್ಸರ್ ಜೀವಕೋಶ ಬಿಟ್ಟು, ಒಂದು ದಿನ ತಳಕ್ಕೆ ಅಂಟಿಕೊಳ್ಳಲು ಸಮಯ ಕೊಟ್ಟು, ಔಷಧ ಹಾಕಿ, ಎರಡು ದಿನ ಕಾದು, ಕೊನೆಗೆ ಒಂದು ಹಳದಿ ಬಣ್ಣ ಹಾಕುತ್ತೇವೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತದ್ದು ಏನೂ ಮಾಡುವುದಿಲ್ಲ, ಹಳದಿ ಹಳದಿಯಾಗಿಯೇ ಉಳಿಯುತ್ತದೆ. ನನಗೆ ಬೇಕಾಗಿದ್ದದ್ದು ಹಳದಿ.

ರಾಣೆಬೆನ್ನೂರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಯೋಜನಾ ಸಹಾಯಕಿ. ನಮ್ಮ ಔಷಧ ಆರ್ಟಿಸುನೇಟ್. ದವನದ ಕುಲಕ್ಕೇ ಸೇರಿದ ಒಂದು ಗಿಡದ ಎಲೆಯಿಂದ ಬರುವ ಮಲೇರಿಯಾ ಔಷಧ ಅದು. ಮಲೇರಿಯಾದ ಕ್ರಿಮಿ ರಕ್ತ ತಿಂದು ಬದುಕುವುದರಿಂದ ಅದರೊಳಗೆ ಕಬ್ಬಿಣ ಹೇರಳ. ಔಷಧ ಆ ಕಬ್ಬಿಣವನ್ನು ಸೋಕಿದೊಡನೆ ಒಡೆದು ಕ್ರಿಮಿಯನ್ನು ಒಳಗಿನಿಂದಲೇ ಸುಡುತ್ತದೆ. ಕ್ಯಾನ್ಸರ್ ಕೋಶಕ್ಕೂ ಬೆಳೆಯುವ ಆತುರ, ಅದೂ ಕಬ್ಬಿಣವನ್ನು ಸಿಕ್ಕಷ್ಟು ಒಳಗೆಳೆದುಕೊಳ್ಳುತ್ತದೆ. ಹಾಗಾದರೆ ಅದನ್ನೂ ಈ ಔಷಧ ಸುಡಬೇಕು. ಸುಡುತ್ತದೆ ಎಂದು ಬಹಳ ಜನ ತೋರಿಸಿದ್ದಾರೆ. ಮೊದಲ ವಾರ ನನ್ನ ಪ್ಲೇಟಿನಲ್ಲೂ ಸುಟ್ಟಿತ್ತು. ಔಷಧದ ಪ್ರಮಾಣ ಹೆಚ್ಚಿದಂತೆ ನೇರಳೆ ತಿಳಿಯಾಗುತ್ತ ಹೋಗಿ ಕೊನೆಯ ಸಾಲುಗಳು ಅಚ್ಚ ಹಳದಿ. ಆ ಪ್ಲೇಟಿನ ಫೋಟೋ ತೆಗೆದು ಅವ್ವನಿಗೂ ತೋರಿಸಿದ್ದೆ.

ಬದುಕುಳಿದ ಕೋಶಗಳನ್ನು ಔಷಧದ ಸಣ್ಣ ಪ್ರಮಾಣದಲ್ಲೇ ಬೆಳೆಸುತ್ತ ಹೋಗಬೇಕು, ವಾರಕ್ಕೊಂದು ಪ್ಲೇಟ್ ಹಾಕಿ ಸಾವು ಎಷ್ಟು ಎಂದು ಅಳೆಯಬೇಕು. ಇದು ಕೆಲಸ. ಎರಡನೆಯ ವಾರ ಸಾವು ತುಸು ಕಡಿಮೆ. ಮೂರನೆಯ ವಾರ ಇನ್ನೂ ಕಡಿಮೆ. ಆರಕ್ಕೆ ಪೂರ್ತಿ ನೇರಳೆ. ಪ್ಲೇಟನ್ನು ಗೈಡ್ ಸರ್ ಮೇಜಿನ ಮೇಲಿಟ್ಟೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಕನ್ನಡಕ ತೆಗೆದು ನಕ್ಕರು.

"ಇದು ಫೇಲ್ ಅಲ್ಲವಾ. ಕೋಶ ಔಷಧಕ್ಕ ಜಗ್ಗದಂಗ ಆಗ್ಯಾವು. ರೋಗಿಗಳೊಳಗೂ ಹಿಂಗಽ ಆಗೂದು, ಮೊದ್ಲ ಗುಣ ಕಾಣಸ್ತೈತಿ, ಆಮ್ಯಾಲ ಔಷಧ ಹತ್ತಂಗಿಲ್ಲ. ಯಾಕ ಜಗ್ಗವಲ್ವು ಅಂತ ಹುಡಕೂದಽ ನಿನ್ನ ಪಿಎಚ್.ಡಿ. ನೋಡು."

ಆ ಮಾತಿನಿಂದ ಎಲ್ಲ ಬದಲಾಯಿತು. ಪಿಎಚ್.ಡಿ. ನೋಂದಣಿಗೆ ಪ್ರಸ್ತಾವನೆ ಬರೆದೆವು. ಅದನ್ನು ಒಪ್ಪಬೇಕಾದ ಸಮಿತಿ ಕೂಡುವ ದಿನ ಗೊತ್ತಾಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಶೆಡ್ಡಿನಲ್ಲಿ ಅವ್ವ ತನ್ನ ಸಾಲಿನ ಹೆಂಗಸರಿಗೆಲ್ಲ ಮಗಳು ಡಾಕ್ಟರ್ ಆಗುತ್ತಾಳೆಂದು ಹೇಳಿಬಿಟ್ಟಳು. "ಸೂಜಿ ಚುಚ್ಚೂ ಡಾಕ್ಟರ್ ಅಲ್ಲಬೇ, ಹುಡಕೂ ಡಾಕ್ಟರ್" ಎಂದು ವಿವರಣೆ ಬೇರೆ. ನಮ್ಮ ಎರಡೂ ಕಡೆಯ ಬಳಗದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅವ್ವನನ್ನು ತಡೆಯಲು ನನಗೆ ಮನಸ್ಸೂ ಬರಲಿಲ್ಲ. ಖುಷಿ ನನಗೂ ಇತ್ತು.

ಒಂದೇ ಒಂದು ಕೆಲಸ ಬಾಕಿ ಇತ್ತು. ಔಷಧವನ್ನೇ ಕಾಣದ ಹಳೆಯ ಕೋಶಗಳ ಸೀಸೆಗಳನ್ನು ಮೊದಲ ದಿನವೇ ದ್ರವ ಸಾರಜನಕದ ಕ್ಯಾನಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದೆವು. ಆ ಸಾರಜನಕವನ್ನು ನಮಗೆ ಕೊಡುವವರು ಹೋರಿಯ ವೀರ್ಯ ಕಾಪಾಡಿಡುವ ಪಶುವೈದ್ಯರು. ಅಟೆಂಡರ್ ಕಾಕಾ ಕ್ಯಾನ್ ತುಂಬಿಸಿಕೊಂಡು ಬಂದಾಗಲೆಲ್ಲ "ನಿಮ್ಮ ಹೋರಿ ಹೆಂಗದಾವು?" ಎಂದು ಕೇಳದೆ ಇರುತ್ತಿರಲಿಲ್ಲ. ಆ ಹಳೆಯ ಕೋಶಗಳನ್ನು ಕರಗಿಸಿ, ಬೆಳೆಸಿ, ಅದೇ ಔಷಧ ಹಾಕಿದರೆ ಅವು ಸಾಯಬೇಕು. ಹೊಸವು ಸಾಯಬಾರದು. ಎರಡನ್ನೂ ಪಕ್ಕದಲ್ಲಿ ಇಟ್ಟು ತೋರಿಸಿದರೆ ಸಮಿತಿಯ ಬಾಯಿ ಮುಚ್ಚುತ್ತದೆ ಎಂದರು ಸರ್.

ಹಳೆಯವೂ ಸಾಯಲಿಲ್ಲ.

ಇಲ್ಲಿಂದ ಮುಂದಿನ ಒಂದೂವರೆ ತಿಂಗಳು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಕರಗಿಸುವಾಗ ನಿಧಾನ ಮಾಡಿದೆನೆಂದುಕೊಂಡು ಇನ್ನೊಂದು ಸೀಸೆ ಕರಗಿಸಿದೆ. ನೇರಳೆ. ಕೋಶಗಳ ಆಹಾರಕ್ಕೆ ಸೇರಿಸುವ ಸೀರಂ ಕೆಟ್ಟಿದೆಯೆಂದು ಹೊಸ ಬಾಟಲಿ ತರಿಸಿದೆ. ನೇರಳೆ. ಇನ್‌ಕ್ಯುಬೇಟರಿನ ನೀರಿನ ತಟ್ಟೆ ತೊಳೆದು, ಗೋಡೆಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಎರಡು ದಿನ ಬರಿದೇ ಓಡಿಸಿದೆ. ಆ ಸಲ ಪ್ಲೇಟಿಗೆ ಬೂಷ್ಟು ಬಂತು. ಅದರ ಮುಂದಿನ ಸಲ ಎಂಟು ತಾಸು ಕರೆಂಟ್ ಹೋಗಿ ಇನ್ವರ್ಟರ್ ಕೈಕೊಟ್ಟಿತು. ಆಮೇಲೆ ಎಲ್ಲ ಸರಿಯಿದ್ದ ಒಂದು ವಾರ ಬಂತು. ಮತ್ತೆ ನೇರಳೆ.

ಕಾಕಾ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೇಳಿದರು: "ಏನವಾ ತಂಗಿ, ಮಂದಿ ಸಾಯಬಾರ್ದಂತ ಔಷಧ ಕುಡೀತಾರ. ನೀ ಸಾಯವಲ್ವು ಅಂತ ಅಳಾಕತ್ತಿ."

ನನಗೆ ನಗು ಬರಲಿಲ್ಲ. "ನೀವು ಕಸಾ ಹೊಡಿಯೂಮುಂದ ಇನ್‌ಕ್ಯುಬೇಟರ್ ಬಂದ್ ಮಾಡ್ತೀರೇನ್ರಿ? ಖರೇ ಹೇಳ್ರಿ" ಎಂದುಬಿಟ್ಟೆ.

ಅವರು ಪೊರಕೆಯನ್ನು ಗೋಡೆಗೆ ಆನಿಸಿದರು. "ನಿನ್ನ ವಯಸ್ಸಿನಷ್ಟು ವರ್ಷ ಈ ಕಾಲೇಜಿನ್ಯಾಗ ಕಸಾ ಹೊಡದೇನಿ. ಯಾವ ಗುಂಡಿ ಮುಟ್ಟಬೇಕು, ಯಾವುದು ಮುಟ್ಟಬಾರ್ದು ನಂಗ ಗೊತ್ತೈತಿ." ಒಂದು ವಾರ ನನಗೆ ಅವರು ಚಹಾ ತರಲಿಲ್ಲ. ನಾನೂ ಕೇಳಲಿಲ್ಲ.

ಸರ್ ಕೂಡ ಬದಲಾದರು. ಮೊದಮೊದಲು "ಮಾಡು, ಮಾಡು" ಎನ್ನುತ್ತಿದ್ದವರು ಈಗ "ಕೈ ಸ್ವಚ್ಛ ಐತೇನು?" ಎನ್ನತೊಡಗಿದರು. ಅವರ ಮಾತಿನಲ್ಲಿ ಇದ್ದದ್ದು ನಂಜಲ್ಲ, ಅವಸರ. ಆದರೆ ಕೈಯ ಮಾತು ನನಗೆ ತಾಗುತ್ತಿತ್ತು. ಹೈಸ್ಕೂಲಿನಲ್ಲಿ ನನ್ನ ಕೈಯಿಂದ ಮೆಣಸಿನಕಾಯಿಯ ಘಾಟು ಬರುತ್ತದೆಂದು ನನ್ನ ಬೆಂಚಿನಿಂದ ಎದ್ದು ಹೋದವರಿದ್ದರು. ಅಂದಿನಿಂದ ನನಗೊಂದು ಹಟ. ಗೊತ್ತಿಲ್ಲ ಎಂದು ಯಾರ ಮುಂದೆಯೂ ಹೇಳಬಾರದು. ಪುಸ್ತಕದಲ್ಲಿ ಹುಡುಕಬೇಕು, ಇಲ್ಲವೇ ಮಾಡಿ ತಿಳಿಯಬೇಕು. ಈ ಹಟದಿಂದಲೇ ಇಲ್ಲಿಯವರೆಗೆ ಬಂದೆ. ಈ ಹಟವೇ ನನ್ನನ್ನು ಇಲ್ಲಿ ಕೆಡವಿತ್ತು. ಅದು ಆಗ ತಿಳಿದಿರಲಿಲ್ಲ.

ಸಮಿತಿಗೆ ಹತ್ತು ದಿನ ಉಳಿದಿರುವಾಗ ಔಷಧ ಮುಗಿಯುತ್ತ ಬಂತು. ಬೆಂಗಳೂರಿನಿಂದ ಪುಡಿ ಕಳಿಸುವವರು ಮೂರು ವಾರ ಬೇಕು ಎಂದರು. ಆಗ ಸರ್ ಒಂದು ದಾರಿ ಹೇಳಿದರು: ಜೋರು ಮಲೇರಿಯಾಕ್ಕೆ ಕೊಡುವ ಇಂಜೆಕ್ಷನ್ನಿನಲ್ಲಿ ಇರುವುದೂ ಇದೇ ಆರ್ಟಿಸುನೇಟ್. ಹಾವೇರಿಯಲ್ಲಿ ಸಿಗಬಹುದು. ಕಾಲೇಜಿನ ಚೀಟಿ ಬರೆದುಕೊಟ್ಟು ಕಳಿಸಿದರು.

ಹಾವೇರಿಯಲ್ಲಿ ಮೂರು ಔಷಧ ಅಂಗಡಿ ಸುತ್ತಿದೆ. ನಾಲ್ಕನೆಯದರಲ್ಲಿ ಇತ್ತು. ಕೌಂಟರಿನ ಹಿಂದೆ ಐವತ್ತು ದಾಟಿದ ಫಾರ್ಮಸಿಸ್ಟ್ ಅಕ್ಕ, ಮೂಗಿನ ತುದಿಗೆ ಕನ್ನಡಕ.

"ಪೇಷಂಟ್ ಯಾರವಾ? ಎಲ್ಲಿ ಅಡ್ಮಿಟ್ ಮಾಡೀರಿ?"

"ಪೇಷಂಟ್ ಇಲ್ರೀ ಅಕ್ಕಾರ. ಜೀವಕೋಶಕ್ಕ ಹಾಕಾಕರಿ. ಲ್ಯಾಬಿನ್ಯಾಗ ಬೆಳಸೇವಿ."

"ಅವಕ್ಕೂ ಮಲೇರಿಯಾ ಬಂತೇನ?"

"ಇಲ್ರಿ, ಅವು ಕ್ಯಾನ್ಸರ್ ಕೋಶರಿ."

"ಅಯ್ ಶಿವನ, ಅವಕ್ಕ ಒಂದಽ ರೋಗ ಸಾಲದೇನು?" ಎನ್ನುತ್ತಾ ಚೀಟಿಯನ್ನು ಎರಡು ಸಲ ಓದಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ಡಬ್ಬಿ ತೆಗೆದು ಮುಂದಿಟ್ಟರು. ಒಂದು ಸೀಸೆಯಲ್ಲಿ ಬಿಳಿ ಪುಡಿ, ಅದನ್ನು ಕರಗಿಸಲು ಅಡುಗೆ ಸೋಡಾ ಬೆರೆಸಿದ ದ್ರವ ಬೇರೆ. ಡಬ್ಬಿಯ ಮೇಲೆ ಬೆರಳಿಟ್ಟು ಹೇಳಿದರು: "ಕಲಸೂತನಾ ಏನೂ ಆಗಂಗಿಲ್ಲ. ಕಲಸಿದ ಮ್ಯಾಲ ತಾಸಿನೊಳಗ ಕೊಡಬೇಕು. ಉಳದ್ರ ಬಚ್ಚಲಕ್ಕ ಚೆಲ್ಲೂದು."

"ಫ್ರಿಜ್ಜಿನ್ಯಾಗ ಇಟ್ರ?" ನನ್ನ ಬಾಯಿಂದ ತಾನಾಗಿ ಬಂತು.

"ಎಲ್ಲಿಟ್ರೂ ಅಷ್ಟಽ. ಗುಣಾ ಹೋಕ್ಕೈತಿ. ನಾನು ಮೊದ್ಲ ನರ್ಸ್ ಇದ್ದಾಕಿ. ನಮ್ಮ ವಾರ್ಡಿನ್ಯಾಗ ಹೊಸಾ ಹುಡಿಗ್ಯಾರಿಗೆ ಹೇಳೂ ಮೊದಲ ಮಾತಽ ಇದು."

ಅಂಗಡಿಯ ಮೆಟ್ಟಿಲಿಳಿದು ಬೇವಿನ ಮರದ ಕೆಳಗೆ ನಿಂತು ಡಬ್ಬಿಯೊಳಗಿನ ಕಾಗದ ಬಿಚ್ಚಿ ಓದಿದೆ. ಅದೇ ಮಾತು, ಸಣ್ಣ ಅಕ್ಷರದಲ್ಲಿ.

ನಾನೇನು ಮಾಡಿದ್ದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮಲ್ಲಿದ್ದದ್ದು ಹತ್ತು ಮಿಲಿಗ್ರಾಂ ಪುಡಿಯ ಒಂದೇ ಸೀಸೆ. ನಮ್ಮ ಕಾಲೇಜಿನ ತಕ್ಕಡಿ ಒಂದೆರಡು ಮಿಲಿಗ್ರಾಂ ತೂಗಲಾರದು. ಅದಕ್ಕೆ ಮೊದಲ ದಿನವೇ ಇಡೀ ಪುಡಿಯನ್ನು ಸೋಡಾ ನೀರಿನಲ್ಲಿ ಕರಗಿಸಿ, ಬೇಕಾದಷ್ಟು ಬಳಸಿ, ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಟ್ಟೆ. ವಾರವಾರ ಅದರಿಂದಲೇ ತೆಗೆದೆ. ನಾನು ಅನುಸರಿಸುತ್ತಿದ್ದ ವಿಧಾನದಲ್ಲಿ "ಪ್ರತಿ ಸಲ ಹೊಸದಾಗಿ ತಯಾರಿಸಿ" ಎಂದು ಬರೆದಿತ್ತು. ಓದಿರಲಿಲ್ಲವೆಂದಲ್ಲ. ಓದಿ, ಯಾಕೆ ಎಂದು ಯಾರನ್ನೂ ಕೇಳದೆ, ಇದು ಉಳ್ಳವರ ಮಾತು ಎಂದುಕೊಂಡೆ. ಕಪಾಟು ತುಂಬ ಸೀಸೆ ಇದ್ದವರು ದಿನಾ ಹೊಸದು ಮಾಡಲಿ, ನಾವು ಚೆಲ್ಲಿದರೆ ಹೇಗೆ?

ಇನ್ನೊಂದು ಧೈರ್ಯವೂ ಇತ್ತು. ಅಪ್ಪ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಹಮಾಲಿ. ಸುಗ್ಗಿಯಲ್ಲಿ ಚೀಲ ಹೊತ್ತು ಕೋಲ್ಡ್ ಸ್ಟೋರೇಜಿನೊಳಗೆ ಇಳಿಸುತ್ತಾನೆ. ವರ್ಷ ಕಳೆದು ತೆಗೆದರೂ ಮೆಣಸಿನಕಾಯಿ ಇಟ್ಟ ದಿನದ ಕೆಂಪಿನಲ್ಲೇ ಇರುತ್ತದೆ. ತಣ್ಣಗಿಟ್ಟದ್ದು ಕೆಡುವುದಿಲ್ಲ ಎಂಬುದನ್ನು ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಸೀಸೆಯನ್ನು ಫ್ರಿಜ್ಜಿಗೆ ಇಟ್ಟ ದಿನ ನನಗೆ ಒಂದು ಕ್ಷಣವೂ ಅನುಮಾನ ಬಂದಿರಲಿಲ್ಲ.

ಅಂದು ಸಂಜೆ ರೈಲಿನಲ್ಲಿ ಬ್ಯಾಡಗಿಗೆ ಇಳಿದು ಮನೆಗೆ ಹೋದೆ. ಅಪ್ಪ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ.

"ಅಪ್ಪಾ, ಕೋಲ್ಡಿನ್ಯಾಗ ಇಟ್ಟ ಮಾಲು ಎಂದರ ಕೆಡ್ತೈತೇನು?"

"ಒಣಗಿದ್ದು ಕೆಡಂಗಿಲ್ಲ. ತೂಕಕ್ಕಂತ ನೀರ ಹೊಡದಿರ್ತಾರಲ್ಲ, ಅದು ಕೆಡ್ತೈತಿ. ಹೊರಗ ಕೆಂಪಗಽ ಇರ್ತೈತಿ, ಮುರದ್ರ ಒಳಗ ಬೆಳ್ಳಗ ಬೂಷ್ಟು. ಅದಕ್ಕಽ ಹೊರೂಕಿಂತ ಮೊದ್ಲ ಚೀಲದಾಗ ಕೈ ಹಾಕಿ ನೋಡ್ತೀವಿ."

"ಇದನ್ನ ನಂಗ ಯಾಕ ಎಂದೂ ಹೇಳಲಿಲ್ಲ?"

ಅಪ್ಪ ತಂಬಿಗೆ ಕೆಳಗಿಟ್ಟು ನನ್ನನ್ನೇ ನೋಡಿದ. "ನೀ ಯಾವಾಗ ಚೀಲ ಹೊತ್ತೀದಿ?"

ಸಿಟ್ಟು ಬಂತು. ಅಪ್ಪನ ಮೇಲಲ್ಲ. ಇಪ್ಪತ್ತು ವರ್ಷ ಅವನ ಜೊತೆ ಕೂತು ಉಂಡು, ಅವನ ಕಸುಬಿನಲ್ಲಿ ಅರ್ಧವನ್ನಷ್ಟೇ ಕಲಿತಿದ್ದೆ. ಅದೇ ಅರ್ಧವನ್ನು ಪ್ರಯೋಗಾಲಯಕ್ಕೆ ಒಯ್ದಿದ್ದೆ.

ಆದರೂ ಇದು ಇನ್ನೂ ಊಹೆಯೇ. ಮರುದಿನ ಬೆಳಿಗ್ಗೆ ಕೋಶಗಳನ್ನು ಎಣಿಸಿ ಪ್ಲೇಟಿಗೆ ಬಿಟ್ಟೆ. ಎಡಕ್ಕೆ ಔಷಧ ಕಾಣದ ಹಳೆಯ ಕೋಶ, ಬಲಕ್ಕೆ "ಜಗ್ಗದ" ಕೋಶ. ಅದರ ಮರುದಿನ ಔಷಧ. ಮೇಲಿನ ಸಾಲುಗಳಿಗೆ ಫ್ರಿಜ್ಜಿನ ಸೀಸೆಯ ತಳದಲ್ಲಿ ಉಳಿದಿದ್ದದ್ದು. ಕೆಳಗಿನ ಸಾಲುಗಳಿಗೆ ಇಂಜೆಕ್ಷನ್ನಿನ ಪುಡಿ. ಅದನ್ನು ಕರಗಿಸಿದ ಕೂಡಲೇ ಗಡಿಯಾರ ನೋಡಿದೆ, ಹಳೆಯದರ ಪ್ರಮಾಣಕ್ಕೇ ತೆಳುಮಾಡಿ ಹನ್ನೆರಡು ನಿಮಿಷದಲ್ಲಿ ಕುಳಿಗೆ ಹಾಕಿ ಮುಗಿಸಿದೆ. ಬರೀ ಸೋಡಾ ದ್ರವ ಹಾಕಿದ ಒಂದು ಸಾಲೂ ಇಟ್ಟೆ. ಇಲ್ಲದಿದ್ದರೆ ಕೊಂದದ್ದು ಔಷಧವೋ ಸೋಡಾವೋ ಎಂಬ ಪ್ರಶ್ನೆ ಉಳಿಯುತ್ತಿತ್ತು.

ಎರಡು ದಿನ ಕಾದೆ. ಆ ಎರಡು ದಿನ ನಾನು ಬಯಸಿದ್ದೇನೆಂದು ನಿಜ ಹೇಳಲೇ? ಹೊಸ ಔಷಧಕ್ಕೂ ಬಲಗಡೆಯವು ಸಾಯದೆ ಇರಲಿ ಎಂದು. ಮೂರು ತಿಂಗಳು ಸಾಯಲಿ ಎಂದು ಕಾದವಳು ಈಗ ಬದುಕಲಿ ಎಂದು ಕಾಯುತ್ತಿದ್ದೆ. ಅವು ಬದುಕಿದರೆ ನನ್ನ ಪ್ರಸ್ತಾವನೆ ಬದುಕುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಹಳದಿ ಬಣ್ಣ ಹಾಕಿ ಮೂರು ತಾಸಿನ ಮೇಲೆ ತೆಗೆದು ನೋಡಿದೆ. ಮೇಲಿನ ಸಾಲುಗಳು ನೇರಳೆ. ಕೆಳಗೆ ಎಡಕ್ಕೂ ಹಳದಿ, ಬಲಕ್ಕೂ ಹಳದಿ. ಸೋಡಾದ ಸಾಲು ನೇರಳೆ. ಜಗ್ಗದ ಕೋಶ ಎಂಬುದು ಇರಲೇ ಇಲ್ಲ. ಆರು ವಾರ ನಾನು ಅವಕ್ಕೆ ಹಾಕಿದ್ದು ವಾರವಾರಕ್ಕೆ ಸತ್ವ ಕಳೆದುಕೊಳ್ಳುತ್ತಿದ್ದ ನೀರು.

ಸೋಮವಾರ ಸಮಿತಿ. ನನ್ನ ದಾಖಲೆ ಪುಸ್ತಕ ತೆರೆದು ನೋಡಿದೆ. ಎಲ್ಲ ಕಡೆ "ಔಷಧ ಸೇರಿಸಿದೆ" ಎಂದಷ್ಟೇ ಇತ್ತು. ಯಾವ ದಿನ ಕರಗಿಸಿದ್ದು ಎಂದು ಒಂದು ಪುಟದಲ್ಲೂ ಇಲ್ಲ. ಫ್ರಿಜ್ಜಿನ ಆ ಸೀಸೆಯನ್ನು ತೊಳೆದಿಟ್ಟರೆ ಸಾಕು, ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಗಳಿಗೆ ಸೀಸೆಯನ್ನು ಕೈಯಲ್ಲಿ ಹಿಡಿದು ನೀರಿನ ತೊಟ್ಟಿಯ ಹತ್ತಿರ ನಿಂತಿದ್ದೂ ಹೌದು. ಆಮೇಲೆ ಸೀಸೆ, ಪ್ಲೇಟ್ ಎರಡನ್ನೂ ಒಯ್ದು ಸರ್ ಮೇಜಿನ ಮೇಲಿಟ್ಟು, ನಡೆದದ್ದನ್ನು ನಡೆದಂತೆ ಹೇಳಿದೆ.

ಅವರು ಪ್ಲೇಟನ್ನು ಹತ್ತಿರಕ್ಕೆ ಎಳೆದುಕೊಂಡು ಸಾಲು ಸಾಲಾಗಿ ನೋಡಿದರು.

"ಒಂದನೇ ವಾರದ ಅಂಕಿ ಖರೇ. ಆರನೇ ವಾರದ ಅಂಕಿನೂ ಖರೇ," ಎಂದರು ಕೊನೆಗೆ. "ನಾವೇನು ಸುಳ್ಳಽ ಕೂತು ಬರದಿಲ್ಲ. ಸೋಮವಾರ ಅಷ್ಟು ತೋರ್ಸಿ, ನೋಂದಣಿ ಮಾಡಿಸಿಕೊಂಡು, ಆಮ್ಯಾಲ ಸರಿ ಮಾಡ್ಕೊಂತ ಹೋದ್ರ?"

"ಸರ್, ಅಂಕಿ ಖರೇ ಅದಾವ್ರಿ. ಅದರ ಅರ್ಥ ಸುಳ್ಳೈತ್ರಿ."

"ನಿನ್ನ ಕೆಲಸದ ಅವಧಿ ಈ ಮಾರ್ಚಿಗೆ ಮುಗೀತೈತಿ. ನೋಂದಣಿ ಆಗಲಿಲ್ಲಂದ್ರ ನಾ ಏನೂ ಮಾಡಾಕಾಗಂಗಿಲ್ಲ. ಗೊತ್ತೈತಿಲ್ಲೊ?"

"ಗೊತ್ತೈತ್ರಿ."

"ಮತ್ತ?"

"ಸೋಮವಾರ ನಾನಽ ಹೇಳ್ತೇನ್ರಿ. ನಿಮ್ಮ ಹೆಸರು ತರಂಗಿಲ್ಲ. ಕಲಸಿದಾಕಿ ನಾನು, ಇಟ್ಟಾಕಿ ನಾನು."

ಅವರು ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದರು. ತಿಳಿ ನೀರು, ನೋಡಲು ಏನೂ ಆಗಿರಲಿಲ್ಲ. "ಯಾವತ್ತು ಕಲಸಿದ್ದು ಅಂತ ನಾನೂ ಕೇಳಬೇಕಿತ್ತು," ಎಂದು ಮೆಲ್ಲಗೆ ಹೇಳಿ, "ಹೋಗು, ಸ್ಲೈಡಿನ್ಯಾಗ ಅಕ್ಷರ ದೊಡ್ಡದಿರಲಿ. ಹಿಂದ ಕೂತವರಿಗೆ ಕಾಣಂಗಿಲ್ಲ" ಎಂದರು. ಒಪ್ಪಿಗೆ ಎಂದರೆ ಅಷ್ಟೇ.

ಬಾಗಿಲಾಚೆ ಕಾಕಾ ಇದ್ದರು. "ಕಾಕಾ, ಗುಂಡಿ ನೀವು ಮುಟ್ಟಿರಲಿಲ್ರಿ. ತಪ್ಪು ನಂದಽ. ಹಂಗ ಅನಬಾರದಿತ್ತು" ಎಂದೆ. "ಅದು ನಂಗ ಅವತ್ತಽ ಗೊತ್ತಿತ್ತು" ಎಂದು ಹೋದರು. ಸ್ವಲ್ಪ ಹೊತ್ತಿಗೆ ಚಹಾ ಬಂತು. ಸಕ್ಕರೆ ಇರಲಿಲ್ಲ.

ಸೋಮವಾರ ಸಮಿತಿಯ ಮುಂದೆ ಹದಿನೈದು ನಿಮಿಷ ಮಾತಾಡಿದೆ. ಮೊದಲ ಐದು ನಿಮಿಷ ನಾನು ಕಂಡದ್ದು, ಉಳಿದ ಹತ್ತು ನಿಮಿಷ ಅದು ಯಾಕೆ ನಿಜವಲ್ಲ ಎಂಬುದು. ಹೊರಗಿನಿಂದ ಬಂದಿದ್ದ ಮೂವರು ಸದಸ್ಯರಲ್ಲಿ ಒಬ್ಬರು ನನ್ನ ಪ್ರಸ್ತಾವನೆಯ ಪ್ರತಿಯನ್ನು ಮುಚ್ಚಿ ಪಕ್ಕಕ್ಕೆ ಸರಿಸಿದರು.

"ನೀವು ಈಗ ಹೇಳಿದ್ದು ಔಷಧದ ಡಬ್ಬಿಯ ಮೇಲೇ ಬರೆದಿದೆ."

"ಹೌದು ಸರ್."

"ಹಾಗಾದರೆ ನೋಂದಣಿಗೆ ನಿಮ್ಮ ಪ್ರಶ್ನೆ ಏನು?"

"ಈಗ ಇಲ್ಲ ಸರ್."

ನಿಜ ಹೇಳಿದ್ದಕ್ಕೆ ಯಾರಾದರೂ ಒಂದು ಮಾತು ಆಡಬಹುದು ಎಂದು ಒಳಗೊಳಗೆ ಆಸೆ ಇತ್ತು. ಯಾರೂ ಆಡಲಿಲ್ಲ. ಮುಂದಿನ ಸುತ್ತಿಗೆ ಹೊಸ ಪ್ರಸ್ತಾವನೆ ತನ್ನಿ ಎಂದು ಬರೆದು, ಮುಂದಿನ ಅಭ್ಯರ್ಥಿಯನ್ನು ಕರೆದರು. ಮುಂದಿನ ಸುತ್ತು ಮಾರ್ಚ್ ಆದ ಮೇಲೆ.

ಸಂಜೆ ಮನೆಯಲ್ಲಿ ಅವ್ವ ನನ್ನ ಮುಖ ನೋಡಿಯೇ ಕೇಳಿದಳು, "ಆಗಲಿಲ್ಲೇನ?"

"ಇಲ್ಲ. ನಂದಽ ತಪ್ಪಿತ್ತು, ಅದನ್ನ ಹೇಳಿ ಬಂದೆ."

"ಹೇಳದಿದ್ರ ಅವರಿಗೆ ಗೊತ್ತಾಗ್ತಿತ್ತೇನು?"

"ಗೊತ್ತಾಗ್ತಿರಲಿಲ್ಲ."

"ಮತ್ತ ಯಾಕ ಹೇಳಿದಿ ನಮ್ಮವ್ವಾ!" ಅವಳ ದನಿ ಏರಿತು. ಶೆಡ್ಡಿನ ಹೆಂಗಸರೆಲ್ಲ ಆ ದನಿಯಲ್ಲಿದ್ದರು.

"ನಾ ಬರದದ್ದನ್ನ ನಂಬಿ ನನ್ನಂಥಾಕಿ ಇನ್ನೊಬ್ಬಾಕಿ ಎಲ್ಲೋ ಕುಂತು ಮೂರು ವರ್ಷ ಹುಡಕ್ತಿದ್ಲಬೇ. ಇಲ್ಲದ್ದನ್ನ."

ಅವ್ವ ಒಲೆಯ ಕಡೆ ತಿರುಗಿದಳು. ಅವಳು ಒಪ್ಪಿದಳು ಎಂದು ಹೇಳಲಾರೆ. ರೊಟ್ಟಿ ಬಡಿಯುವ ಸದ್ದು ಮಾತ್ರ ಅಂದು ಜೋರಾಗಿತ್ತು.

ಮರುದಿನ ಬೆಳಿಗ್ಗೆ ರಾಣೆಬೆನ್ನೂರಿಗೆ ಹೋದೆ. ನನ್ನ ಕೆಲಸದ ಅವಧಿ ಮುಗಿಯಲು ಇನ್ನೂ ಐದು ವಾರವಿತ್ತು. ಜಗ್ಗದ ಕೋಶಗಳೆಂದು ನಾನು ಜತನದಿಂದ ಹೆಪ್ಪುಗಟ್ಟಿಸಿದ ಹನ್ನೆರಡು ಸೀಸೆಗಳು ಸಾರಜನಕದ ಕ್ಯಾನಿನಲ್ಲಿದ್ದವು. ಪ್ರತಿಯೊಂದರ ಮೇಲೂ ಕೆಂಪು ಶಾಯಿಯಲ್ಲಿ, ಔಷಧಕ್ಕೆ ಜಗ್ಗದವು ಎಂಬ ಗುರುತು. ಹಾಗೇ ಬಿಟ್ಟರೆ ನಾಳೆ ಬರುವವರು ಗುರುತು ನಂಬಿ ತೆಗೆಯುತ್ತಾರೆ. ಕೈಗವಸು ಹಾಕಿ ಒಂದೊಂದನ್ನೇ ಎತ್ತಿ, ಸ್ಪಿರಿಟ್ಟಿನ ಹತ್ತಿಯಿಂದ ಗುರುತು ಒರೆಸಿ, "ಸಾಮಾನ್ಯ" ಎಂದು ಬರೆದೆ. ಹೊರಗೆ ಹೆಚ್ಚು ಹೊತ್ತು ಹಿಡಿದರೆ ಒಳಗಿನ ಕೋಶ ಕರಗಿ ಸಾಯುತ್ತದೆ, ಅದಕ್ಕೆ ಬೇಗ ಬೇಗ ಮಾಡಬೇಕು. ಹನ್ನೆರಡನೆಯದನ್ನು ಇಳಿಸುವಾಗ ಬೆರಳ ತುದಿ ಮರಗಟ್ಟಿತ್ತು. ಕ್ಯಾನಿನ ಮುಚ್ಚಳ ಹಾಕಿ, ದಾಖಲೆ ಪುಸ್ತಕದಲ್ಲಿ ಹನ್ನೆರಡೂ ಸಾಲುಗಳನ್ನು ತಿದ್ದಿ, ಪ್ರತಿ ತಿದ್ದುಪಡಿಯ ಪಕ್ಕಕ್ಕೂ ನನ್ನ ಸಹಿ ಹಾಕಿದೆ.